‘ಇಂಡಿಯಾ ಮ್ಯಾಪ್ ತರ್ಲೇನ್ರಿ, ಕರ್ನಾಟಕದ್ದು ತರ್ಲೇನ್ರಿ?’

ಮರದ ಮ್ಯಾಪ್ ಪಜಲ್ ಕೊಡಿಸಬೇಕು ಅಂದುಕೊಂಡ ರಾಯಚೂರಿನ ತಂದೆ ತಾಯಂದಿರು ಮೊದಲು ಕೇಳುವುದೇ ಇದನ್ನು. ಉತ್ತರ: ಸದ್ಯಕ್ಕೆ ಎರಡೂ ಬೇಡ. ರಾಯಚೂರು ಜಿಲ್ಲೆಯದ್ದು ಮಾಡಿಸಿ.

ಲೆಕ್ಕ ಹಾಕಿ ನೋಡಿ. ಭಾರತಕ್ಕೆ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ, ಒಟ್ಟು 36 ತುಂಡು. 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ಕರ್ನಾಟಕಕ್ಕೆ 31. ಎ3 ಹಾಳೆಯಷ್ಟು ದೊಡ್ಡ ಭಾರತದಲ್ಲಿ ಗೋವಾ ಒಂದು ಸೆಂಟಿಮೀಟರಿನ ಮೇಲೆ ಚೂರು. ಅದು ಮೊದಲ ವಾರದಲ್ಲೇ ಮಂಚದ ಕೆಳಗೆ ಹೋಗುತ್ತದೆ. ನಾಲ್ಕೈದು ವರ್ಷದ ಕೈಗೆ ಏಳೆಂಟು ತುಂಡು ಹದ. ಹೊಸ ಅರಕೇರಾವನ್ನು ದೇವದುರ್ಗದ ತುಂಡಿನಲ್ಲೇ ಸೇರಿಸಿಕೊಂಡರೆ ರಾಯಚೂರು ಜಿಲ್ಲೆಗೆ ಏಳು ತಾಲೂಕು: ರಾಯಚೂರು, ಮಾನ್ವಿ, ಸಿರವಾರ, ದೇವದುರ್ಗ, ಲಿಂಗಸುಗೂರು, ಮಸ್ಕಿ, ಸಿಂಧನೂರು. ಕೊಪ್ಪಳಕ್ಕೂ ಏಳೇ ತಾಲೂಕು. ಬಳ್ಳಾರಿಗೆ ಈಗ ಐದು: ಬಳ್ಳಾರಿ, ಸಿರುಗುಪ್ಪ, ಸಂಡೂರು, ಕಂಪ್ಲಿ, ಕುರುಗೋಡು.

ಮಾಂಟೆಸ್ಸೊರಿ ಪದ್ಧತಿಯಲ್ಲಿ ಮೊದಲು ಖಂಡಗಳು ಬರುತ್ತವಲ್ಲ ಎಂದು ಕೇಳಬಹುದು. ನಿಜ, ಅವೂ ಏಳೇ. ಏಷ್ಯಾ ಹಳದಿ, ಆಫ್ರಿಕಾ ಹಸಿರು, ಯುರೋಪ್ ಕೆಂಪು. ಮೂರೂವರೆ ವರ್ಷಕ್ಕೆ ಅದನ್ನು ಕೊಡಿ, ಕೈ ಪಳಗುತ್ತದೆ. ಆದರೆ ಆ ವಯಸ್ಸಿಗೆ ಏಷ್ಯಾ ಅಂದರೆ ಒಂದು ಹಳದಿ ತುಂಡು, ಅಷ್ಟೇ. ಸಿಂಧನೂರು ಅಂದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ಬಂದ ಊರು.

ಜಿಲ್ಲೆಯ ಪಜಲ್ ಅಂಗಡಿಯಲ್ಲಿ ಹುಡುಕುವುದಕ್ಕಿಂತ ಬಡಗಿಯ ಹತ್ತಿರ ಮಾಡಿಸುವುದೇ ಸುಲಭ. ಏಳೂ ತಾಲೂಕು ಇರುವ ನಕ್ಷೆಯನ್ನು ಎ3 ಹಾಳೆಗೆ ಪ್ರಿಂಟ್ ಹಾಕಿಸಿ. ಹಳೆಯ ನಕ್ಷೆಯಲ್ಲಿ ಮಸ್ಕಿ, ಸಿರವಾರ ಇರುವುದಿಲ್ಲ, ನೋಡಿಕೊಳ್ಳಿ. ಗಡಿಯಲ್ಲಿ 5 ಮಿ.ಮೀ.ಗಿಂತ ಸಣ್ಣ ಅಂಕುಡೊಂಕುಗಳಿದ್ದರೆ ಪೆನ್ಸಿಲ್ಲಿನಿಂದ ನೇರ ಮಾಡಿ. ನದಿಯ ಪ್ರತಿ ತಿರುವನ್ನೂ ಕತ್ತರಿಸಲು ಹೋದರೆ ಚಾಚಿದ ಮೂಗುಗಳೆಲ್ಲ ಮುರಿಯುತ್ತವೆ. ತುಂಡುಗಳಿಗೆ 6 ಮಿ.ಮೀ. ಪ್ಲೈವುಡ್, ತಳಕ್ಕೆ 4 ಮಿ.ಮೀ. ಸಾಕು. ಗಡಿಯ ಒಂದು ಮೂಲೆಯಲ್ಲಿ ಸಣ್ಣ ತೂತು ಕೊರೆದು ಗರಗಸದ ಬ್ಲೇಡ್ ಒಳಗೆ ಬಿಟ್ಟು ಮೊದಲು ಹೊರಗಡಿ ಕತ್ತರಿಸಿದರೆ ಉಳಿದ ಹಲಗೆಯೇ ಚೌಕಟ್ಟಾಗುತ್ತದೆ. ಅದನ್ನು ತಳಕ್ಕೆ ಅಂಟಿಸಿದರಾಯಿತು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಮಕ್ಕಳು ತೊಳೆಯದೆ ಬಿಡುವುದಿಲ್ಲ, ನೀರು ತಾಗಿದರೆ ಅದರ ಅಂಚು ಉಬ್ಬುತ್ತದೆ.

ಕಿನ್ನಾಳ ಗೊಂಬೆಯ ಹಗುರ ಮರದಲ್ಲೇ ಮಾಡಿಸೋಣ ಅನ್ನುವವರಿದ್ದಾರೆ. ಆಸೆಯೇನೋ ಚೆಂದ. ಆದರೆ ಪದರವಿಲ್ಲದ ಗಟ್ಟಿ ಮರವನ್ನು ಇಷ್ಟು ತೆಳುವಾಗಿ ಕೊಯ್ದರೆ ಎಳೆಯ ದಿಕ್ಕಿಗೆ ಸೀಳುತ್ತದೆ. ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಇರುವುದರಿಂದ ಹಾಗಾಗುವುದಿಲ್ಲ.

ಹೆಚ್ಚು ಕೆಡುವುದು ತುಂಡುಗಳ ನಡುವಿನ ಸಂದಿನಲ್ಲಿ. ಬಾಗಿಲಿಗೆ ಜಾಲಿ ಕೊರೆಯುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಅಂಗಡಿಗೆ ಕೊಟ್ಟರೆ 3 ಮಿ.ಮೀ. ದಪ್ಪದ ಕೊರೆಯುವ ಮೊನೆಯಲ್ಲಿ ಕೊರೆದು ಅಷ್ಟೇ ಅಗಲದ ಸಂದು ಬಿಡುತ್ತಾರೆ. ತುಂಡು ಗಲಗಲ ಅಲ್ಲಾಡುತ್ತದೆ, ಸರಿ ಕೂತಿತೋ ಇಲ್ಲವೋ ಮಗುವಿಗೆ ಗೊತ್ತಾಗುವುದಿಲ್ಲ. ಲೇಸರ್ ಕಟಿಂಗ್‌ನಲ್ಲಿ ಸಂದು ತೀರಾ ಕಡಿಮೆ, ಎರಡೂ ಅಂಚಿಗೆ ಪೇಂಟ್ ಬಿದ್ದ ಮೇಲೆ ತುಂಡು ಸಿಕ್ಕಿಕೊಳ್ಳುತ್ತದೆ. ಆಗ ಮಗು ಗುದ್ದಿ ಕೂರಿಸಲು ನೋಡುತ್ತದೆ. ಪೇಂಟ್ ಆದ ಮೇಲೆ ಸುಮಾರು 1 ಮಿ.ಮೀ. ಉಳಿಯಬೇಕು. ಸಣ್ಣ ಬ್ಲೇಡಿನ ಗರಗಸ, ಆಮೇಲೆ ಮರಳುಕಾಗದ, ಇಷ್ಟರಲ್ಲಿ ಅದು ಸಿಗುತ್ತದೆ. ತಳಕ್ಕೆ ತುಂಡಿನದೇ ಬಣ್ಣ ಬಳಿಯಬೇಡಿ. ಬಳಿದರೆ ಮಗು ಬಣ್ಣಕ್ಕೆ ಬಣ್ಣ ಜೋಡಿಸುತ್ತದೆಯೇ ಹೊರತು ಆಕಾರ ನೋಡುವುದಿಲ್ಲ.

ತುಂಡನ್ನು ಹಿಡಿದೆತ್ತುವ ಗುಬ್ಬಿ, ಅಂದರೆ ನಾಬ್, ತಾಲೂಕು ಕೇಂದ್ರದ ಜಾಗದಲ್ಲೇ ಇರಲಿ ಎನ್ನುವುದು ಒಳ್ಳೆಯ ಪದ್ಧತಿ. ಆದರೆ ಊರು ಅಂಚಿಗಿದ್ದರೆ ಎತ್ತುವಾಗ ತುಂಡು ವಾಲುತ್ತದೆ. ಅಂಥ ಕಡೆ ನಾಬ್ ನಡುವೆ ಹಾಕಿ, ಊರಿಗೆ ಒಂದು ಕೆಂಪು ಚುಕ್ಕೆ ಇಡಿ. ಬರೀ ಗೋಂದು ನಂಬಬೇಡಿ, ಕೆಳಗಿನಿಂದ ಸ್ಕ್ರೂ ಹಾಕಿ ಅದರ ತಲೆ ಹಲಗೆಯೊಳಗೆ ಇಳಿಯುವಂತೆ ಮಾಡಿಸಿ. ಕಿತ್ತು ಬಂದ ನಾಬ್ ನೇರ ಬಾಯಿಗೆ ಹೋಗುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಆಟ ಮುಗಿದ ಕೂಡಲೇ ಅಟ್ಟದ ಮೇಲಿಡಿ.

ಇನ್ನು ಕಲಿಸುವುದು. ಪಜಲ್ಲನ್ನು ಟೇಬಲ್ ಮೇಲೆ ಇಡಬೇಡಿ, ಗೋಡೆಗೆ ತೂಗುಹಾಕುವುದಂತೂ ಬೇಡವೇ ಬೇಡ. ಗೋಡೆಯ ನಕ್ಷೆ ನೋಡಿದ ಮಗು ಉತ್ತರ ಯಾವ ಕಡೆ ಅಂದರೆ ಸೀಲಿಂಗ್ ಫ್ಯಾನ್ ಕಡೆ ಕೈ ತೋರಿಸುತ್ತದೆ. ನೆಲದ ಮೇಲೆ ಚಾಪೆ ಹಾಸಿ, ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೇ ಬರುವಂತೆ ಇಟ್ಟು, ಮಗುವನ್ನು ದಕ್ಷಿಣದ ಬದಿಗೆ ಕೂರಿಸಿ. ಎರಡು ನೀಲಿ ದಾರ ತನ್ನಿ. ಒಂದನ್ನು ಉತ್ತರದ ಗಡಿಯುದ್ದಕ್ಕೂ ಕೃಷ್ಣೆ ಅಂತ, ಇನ್ನೊಂದನ್ನು ದಕ್ಷಿಣಕ್ಕೆ ತುಂಗಭದ್ರೆ ಅಂತ ಹಾಸಿ. ಲಿಂಗಸುಗೂರು, ದೇವದುರ್ಗ ಕೃಷ್ಣೆಯ ದಾರಕ್ಕೆ ತಾಗುತ್ತವೆ. ಸಿಂಧನೂರು, ಮಾನ್ವಿ ತುಂಗಭದ್ರೆಗೆ. ಎರಡಕ್ಕೂ ತಾಗುವ ತುಂಡು ಯಾವುದು ಎಂದು ಕೇಳಿ, ಬೆರಳಾಡಿಸಿ ತಾನೇ ಹುಡುಕಲಿ. ರಾಯಚೂರು. ಈ ಸೀಮೆಗೆ ಎಡೆದೊರೆ ನಾಡು, ಅಂದರೆ ಎರಡು ಹೊಳೆಗಳ ನಡುವಿನ ನಾಡು ಅನ್ನುವ ಹೆಸರು ಯಾಕೆ ಬಂತು ಎಂದು ಆಗ ಹೇಳಿದರೆ ತಲೆಗೆ ಹೋಗುತ್ತದೆ. ದಾರಗಳನ್ನು ಚೌಕಟ್ಟಿನಾಚೆ ಪೂರ್ವಕ್ಕೆ ಒಂದು ಗೇಣು ಬಿಟ್ಟು ಗಂಟು ಹಾಕಿ, ತೆಲಂಗಾಣದ ಆಲಂಪುರದ ಹತ್ತಿರ ಎರಡೂ ಕೂಡುವುದನ್ನು ತೋರಿಸಿದ ಹಾಗಾಯಿತು. ಮಂತ್ರಾಲಯಕ್ಕೆ ಹೋಗುವಾಗ ಸಿಗುವ ಹೊಳೆ ಯಾವ ದಾರ, ಹೈದರಾಬಾದಿಗೆ ಹೋಗುವಾಗ ಶಕ್ತಿನಗರದ ಹತ್ತಿರ ಸಿಗುವುದು ಯಾವ ದಾರ ಎಂದು ಪ್ರಯಾಣದಲ್ಲೇ ಕೇಳಬಹುದು.

ಹೆಸರಿಗೆ ಅವಸರ ಮಾಡಬೇಡಿ. ಒಂದು ಸಲಕ್ಕೆ ಮೂರೇ ತುಂಡು. ಮೊದಲು ಅಂಚಿನ ಸುತ್ತ ಎರಡು ಬೆರಳು ಆಡಿಸುತ್ತ ‘ಇದು ದೇವದುರ್ಗ’ ಅನ್ನಿ. ನಂತರ ‘ದೇವದುರ್ಗ ಕೊಡು’. ಕೊನೆಗೆ ‘ಇದು ಯಾವುದು?’ ದೊಡ್ಡವರು ಎಡವುವುದು ಇಲ್ಲೇ, ನೇರ ಮೂರನೆಯದಕ್ಕೆ ಹಾರಿ ಪರೀಕ್ಷೆ ಶುರು ಮಾಡುತ್ತಾರೆ. ತಪ್ಪು ಹೇಳಿದರೆ ‘ಅಲ್ಲ’ ಅನ್ನದೆ ಮೊದಲ ಹಂತಕ್ಕೆ ಮರಳಿ. ಮರುದಿನ ಮತ್ತೆ ಕೇಳಿದರಾಯಿತು.

ಹಾಳೆಯ ಮೇಲೆ ತುಂಡಿಟ್ಟು ಸುತ್ತ ಗೆರೆ ಎಳೆಸಿದಾಗ ಏಳೂ ಸೇರಿ ಜಿಲ್ಲೆ ಆಗುವುದಿಲ್ಲ, ಗಡಿಗಳು ಒಂದರ ಮೇಲೊಂದು ಹತ್ತುತ್ತವೆ. ಪೆನ್ಸಿಲ್ ವಾಲಿದಾಗ ಗೆರೆ ಅಂಚಿನಿಂದ ಹೊರಗೆ ಬೀಳುವುದೇ ಕಾರಣ. ಪೆನ್ಸಿಲ್ ನೆಟ್ಟಗೆ ಹಿಡಿಸಿ, ಅಥವಾ ಹಾಳೆಯ ಮೇಲಿನ ಪ್ರತಿ ಆಕಾರವನ್ನೂ ಬೇರೆ ಬೇರೆ ಕತ್ತರಿಸಿ ಅಂಟಿಸಿ.

ಚೌಕಟ್ಟಿಲ್ಲದೆ, ಎರಡು ದಾರಗಳ ನಡುವೆ ಬರೀ ನೆಲದ ಮೇಲೆ ಏಳೂ ತುಂಡು ಜೋಡಿಸಿದ ದಿನ ಕರ್ನಾಟಕ ತರಬಹುದು. ಅದರಲ್ಲೂ ಮೊದಲು ರಾಯಚೂರು, ಕೊಪ್ಪಳ, ಯಾದಗಿರಿ, ಬಳ್ಳಾರಿ, ಬಾಗಲಕೋಟೆ ಐದನ್ನೇ ಹೊರತೆಗೆಯಿರಿ, ಉಳಿದವು ಚೌಕಟ್ಟಿನಲ್ಲೇ ಇರಲಿ. ಅಂಗಡಿಯಲ್ಲಿ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ವಿಜಯನಗರ ಬೇರೆ ತುಂಡಾಗಿದೆಯೇ ನೋಡಿ. ಭಾರತದ್ದಾದರೆ ಮೊದಲು ತೆಲಂಗಾಣ, ಆಮೇಲೆ ಲಡಾಖ್. ಇವು ಇಲ್ಲದ ಹಳೆಯ ಸರಕನ್ನು ಅರ್ಧ ಬೆಲೆಗೆ ಕೊಟ್ಟರೂ ವಾಪಸ್ ಇಟ್ಟು ಬನ್ನಿ.