ಸಂಪಿನಲ್ಲಿ ಖಾಲಿ ಜಾಗ ಎಷ್ಟಿರಬೇಕು?

ಮಂಗಳೂರು ಮತ್ತು ಉಡುಪಿಯ ಮನೆಗಳಲ್ಲಿ ಅಕ್ವೇರಿಯಂ ಜೋಡಿಸುವ ಕೆಲಸ ನನಗೆ ಕಲಿಸಿದ ಮುಖ್ಯ ಸಂಗತಿಯೆಂದರೆ, ಪೈಪುಗಳ ನಕ್ಷೆ ಬರೆಯುವಾಗ ಪಂಪ್ ಓಡುತ್ತಿರುವುದನ್ನಲ್ಲ, ಅದು ನಿಂತುಹೋಗುವುದನ್ನು ಮೊದಲು ಯೋಚಿಸಬೇಕು. ಮಳೆಗಾಲದಲ್ಲಿ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಆಗ ಮೀನಿರುವ ಮೇಲಿನ ತೊಟ್ಟಿಗೆ ನೀರೇರಿಸುತ್ತಿದ್ದ ಪೈಪೇ ಸೈಫನ್ ಆಗಿ, ತನ್ನ ಬಾಯಿ ನೀರಿನಿಂದ ಹೊರಗೆ ಬರುವ ತನಕ ನೀರನ್ನು ಸಂಪಿಗೆ, ಅಂದರೆ ಪಂಪ್ ಇರುವ ಕೆಳಗಿನ ತೊಟ್ಟಿಗೆ, ಇಳಿಸುತ್ತಲೇ ಇರುತ್ತದೆ.

ಲೆಕ್ಕ ಸರಳವಾಗಿದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ನೀರಿನ ಮಟ್ಟ 1 ಸೆಂ.ಮೀ. ಇಳಿದರೆ 5.4 ಲೀಟರ್ ಇಳಿದಂತೆ. ಪೈಪಿನ ಬಾಯಿ 5 ಸೆಂ.ಮೀ. ಆಳದಲ್ಲಿದ್ದರೆ 27 ಲೀಟರ್ ಕೆಳಗೆ ಬರುತ್ತದೆ; ಸಂಪು 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದರೆ ಅಲ್ಲಿ ಮಟ್ಟ 7.5 ಸೆಂ.ಮೀ. ಏರುತ್ತದೆ. ಪೈಪುಗಳಲ್ಲಿ ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿ (ಮೇಲಿನ ತೊಟ್ಟಿಯ ಹೆಚ್ಚುವರಿ ನೀರು ಕೆಳಗಿಳಿಯುವ ಮೊದಲು ಬಂದು ಸೇರುವ ಜಾಗ) ನಿಂತ ನೀರನ್ನೂ ಇದಕ್ಕೆ ಕೂಡಿಸಬೇಕು. ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ ಒಂದೆರಡು ಸೆಂಟಿಮೀಟರಿಗಿಂತ ಕೆಳಗಿಡಲು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಪಾಚಿಯ ಎಳೆಯೋ ಚಿಕ್ಕ ಬಸವನಹುಳುವೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಅದನ್ನು ಹಾಕಿದರೂ ಲೆಕ್ಕಕ್ಕೆ ಹಿಡಿಯಬಾರದು.

ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ. ನೀರು ಸಂಪಿಗೆ ಇಳಿಯುವ ಪೈಪ್ ಕಟ್ಟಿಕೊಂಡು ಪಂಪ್ ಓಡುತ್ತಲೇ ಇದ್ದರೆ ಮೇಲಿನ ತೊಟ್ಟಿ ತುಂಬಿ ಹರಿಯುತ್ತದೆ. ಪಂಪಿನ ಪೂರ್ತಿ ನೀರನ್ನು ತಾನೊಂದೇ ಹೊತ್ತೊಯ್ಯಬಲ್ಲ ಎರಡನೆಯ ಪೈಪನ್ನು ತುಸು ಎತ್ತರದಲ್ಲಿ ಖಾಲಿಯಾಗಿ ಇಡುವುದು, ಜೊತೆಗೆ ಸಂಪಿನಲ್ಲಿ ಪಂಪ್ ಇರುವ ಭಾಗದ ಅಷ್ಟೂ ನೀರು ಮೇಲೇರಿದರೂ ಹೊರಚೆಲ್ಲದಷ್ಟು ಖಾಲಿ ಅಂಚನ್ನು ಮೇಲಿನ ತೊಟ್ಟಿಯಲ್ಲಿ ಬಿಡುವುದು ಅಗತ್ಯ.

ಪಂಪಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಲೀಟರ್ ಸಾಮಾನ್ಯವಾಗಿ ನೀರನ್ನು ಎತ್ತರಕ್ಕೆ ಏರಿಸದಿರುವಾಗಿನದು. ಎತ್ತರ, ಎಲ್ಬೋ, ಸಣ್ಣ ವ್ಯಾಸದ ಪೈಪ್ ಎಲ್ಲವೂ ಅದನ್ನು ಕಡಿಮೆ ಮಾಡುವುದರಿಂದ ತಯಾರಕರ ನಕ್ಷೆಯಲ್ಲಿ ನಮ್ಮ ಎತ್ತರಕ್ಕೆ ಎಷ್ಟು ಸಿಗುತ್ತದೆಂದು ನೋಡಿಯೇ ಕೊಳ್ಳಬೇಕು. ಉಪ್ಪುನೀರಿನ ತೊಟ್ಟಿಗೆ ಹಿತ್ತಾಳೆಯ ವಾಲ್ವ್ ಖಂಡಿತ ಬೇಡ. ಅದರಿಂದ ಕರಗುವ ತಾಮ್ರ ಸಿಗಡಿ ಮತ್ತು ಹವಳಗಳಿಗೆ ವಿಷ.

ಇಷ್ಟೆಲ್ಲ ಮಾಡಿದರೂ, ಸಂಪು ಅರ್ಧ ಖಾಲಿಯಾಗಿ ಕಾಣುತ್ತದೆಂದು ಮನೆಯವರು ನೀರು ತುಂಬಿಸಿಬಿಟ್ಟರೆ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ. ಹಾಗಾಗಿ ಪಂಪ್ ಓಡುವಾಗ ನೀರು ದಾಟಬಾರದ ಮಟ್ಟವನ್ನು ಗಾಜಿನ ಮೇಲೆ ಗೆರೆಯೆಳೆದು ತೋರಿಸಿ, ಹೊರಡುವ ಮೊದಲು ಅವರ ಕೈಯಿಂದಲೇ ಸ್ವಿಚ್ ಆರಿಸಿ, ನೀರು ಎಲ್ಲಿಯವರೆಗೆ ಏರಿ ನಿಲ್ಲುತ್ತದೆಂಬುದನ್ನು ಅವರೇ ನೋಡುವಂತೆ ಮಾಡುತ್ತೇನೆ.