ಹಾಡಿನ ಕ್ಯಾಲೆಂಡರ್: ಜುಲೈ ಮುಗಿಯುವ ಹೊತ್ತಿಗೆ

ಕೆಲಸ ಇಷ್ಟೇ. ವರ್ಷದ ಪ್ರತಿ ದಿನಕ್ಕೂ ಒಂದು ಕಾರ್ಡ್. ಆ ತಾರೀಖಿನಲ್ಲಿ ಹಾಡಿನ ಲೋಕದಲ್ಲಿ ಏನಾಯಿತು ಅನ್ನೋದು ಅದರ ಮೇಲೆ ನಾಲ್ಕೈದು ಸಾಲಿನಲ್ಲಿ. ಫೆಬ್ರವರಿ 29 ಸೇರಿ ಒಟ್ಟು 366 ಕಾರ್ಡ್. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಗೆಳೆಯನ ಚಹಾದಂಗಡಿ ಇದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಆ ದಿನದ ಕಾರ್ಡ್ ಗಲ್ಲಾಪೆಟ್ಟಿಗೆ ಮುಂದೆ ನಿಲ್ಲುತ್ತದೆ. ಅದಕ್ಕೆ ತಕ್ಕ ಹಾಡು ಸ್ಪೀಕರ್‌ನಲ್ಲಿ ಬರುತ್ತದೆ. "ಇವತ್ತ ಯಾರ ಹಾಡರಿ ಸರ?" ಅಂತ ಕೇಳಿಕೊಂಡೇ ಒಳಗೆ ಬರುವವರು ಈಗ ಜಾಸ್ತಿಯಾಗಿದ್ದಾರೆ.

ಕಾರ್ಡ್‌ಗೆ ದಪ್ಪ ಹಾಳೆ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಸಿಕ್ಕಿತು. ಕತ್ತರಿಸಿ ಉಳಿದ ಪಟ್ಟಿಗಳನ್ನು ಅವರು ಅಗ್ಗಕ್ಕೇ ಕೊಟ್ಟರು. ಬರೆಯುವುದೆಲ್ಲ ಕೈಯಲ್ಲೇ. ಪ್ರಿಂಟ್ ಹಾಕಿದರೆ ಬೇಗ ಮುಗಿಯುತ್ತದೆ, ನಿಜ. ಆದರೆ ಕೈಬರಹ ಇದ್ದರೆ ಜನ ನಿಂತು ಓದುತ್ತಾರೆ, ಅದನ್ನು ಕಣ್ಣಾರೆ ನೋಡಿದ್ದೇನೆ.

ಮಾರ್ಚ್

ಮೊದಲು ಕೈಗೆ ಬಂದದ್ದು ಹುಟ್ಟಿದ ದಿನ, ತೀರಿಕೊಂಡ ದಿನ. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 22, ತೀರಿಕೊಂಡದ್ದು 2013ರ ಏಪ್ರಿಲ್ 14. ಅಣ್ಣಾವ್ರು ಹೋದದ್ದು 2006ರ ಏಪ್ರಿಲ್ 12. ತೆರೆಯ ಮೇಲೆ ಒಬ್ಬರು, ತೆರೆಯ ಹಿಂದೆ ಒಬ್ಬರು ಅಂತ ಅಷ್ಟು ವರ್ಷ ಜೊತೆಯಾಗಿದ್ದವರ ಕಾರ್ಡ್‌ಗಳು ನನ್ನ ಪೆಟ್ಟಿಗೆಯಲ್ಲಿ ಎರಡೇ ದಿನದ ಅಂತರದಲ್ಲಿ ಕೂತಿವೆ. ಕಿಶೋರ್ ಕುಮಾರ್ ಹೋದದ್ದು 1987ರ ಅಕ್ಟೋಬರ್ 13, ಅವತ್ತು ಅವರ ಅಣ್ಣ ಅಶೋಕ್ ಕುಮಾರ್ ಹುಟ್ಟಿದ ದಿನ.

ಹೀಗೆ ತುಂಬುತ್ತಾ ಹೋದರೆ ಪೆಟ್ಟಿಗೆ ಬೇಗ ಭರ್ತಿಯಾಗುತ್ತದೆ. ಆದರೆ ಅದು ಗಾಯಕರ ಕ್ಯಾಲೆಂಡರ್ ಆಯಿತು, ಹಾಡಿನದು ಆಗಲಿಲ್ಲ. ಹಾಡಿಗೂ ಒಂದು ದಿನ ಅಂತ ಇರುತ್ತದೆ. ಮೈಕ್ ಮುಂದೆ ನಿಂತು ಹಾಡಿದ ದಿನ, ರೇಡಿಯೊದಲ್ಲಿ ಮೊದಲು ಬಂದ ದಿನ, ಟಾಕೀಸಿನಲ್ಲಿ ಜನ ಕೇಳಿದ ದಿನ. ನನಗೆ ಬೇಕಾದದ್ದು ಆ ದಿನಗಳೇ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಹಾಡಿನ ದಿನ ಸಿಕ್ಕರೆ ಅದಕ್ಕೆ ಕಾರ್ಡಿನ ಮುಂಭಾಗ. ಹುಟ್ಟು, ಸಾವು ಹಿಂಭಾಗಕ್ಕೆ. ಹಾಡಿನ ದಿನ ಇರುವ ಕಾರ್ಡಿನ ಮೂಲೆಗೆ ಹಸಿರು ಬಣ್ಣ.

ಹಸಿರು ಬಿದ್ದ ಮೊದಲ ಕಾರ್ಡ್ ಫೆಬ್ರವರಿ 8. 1981ರಲ್ಲಿ ಆ ದಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ 21 ಕನ್ನಡ ಹಾಡು ಹಾಡಿದರು. ಈ ಸಂಗತಿ ಎಲ್ಲರಿಗೂ ಬಾಯಿಪಾಠ. ಲೆಕ್ಕ ಹಾಕಿ ನೋಡಿ: 12 ಗಂಟೆಗೆ 21 ಹಾಡು ಅಂದರೆ ಒಂದಕ್ಕೆ ಸುಮಾರು 34 ನಿಮಿಷ. ಅಷ್ಟರಲ್ಲೇ ದಾಟಿ ಕೇಳಬೇಕು, ಸಾಹಿತ್ಯ ತಮ್ಮ ಕೈಯಾರೆ ಬರೆದುಕೊಳ್ಳಬೇಕು, ಎಲ್ಲಿ ಉಸಿರು, ಎಲ್ಲಿ ನಗು ಅಂತ ಗುರುತು ಹಾಕಬೇಕು, ಹಾಡಬೇಕು. ಊಟ, ಚಹಾ ಎಲ್ಲ ಅದರೊಳಗೇ. ಟ್ರ್ಯಾಕ್ ಕಳಿಸಿ ಮನೆಯಲ್ಲಿ ಹಾಡಿ ಜೋಡಿಸುವ ಕಾಲವಲ್ಲ ಅದು. ಆ ಕಾರ್ಡ್ ಬರೆದಾಗ ನನಗೆ ತುಂಬಾ ಖುಷಿಯಾಯಿತು.

ಅದರ ಪಕ್ಕದ ಕಾರ್ಡ್ ಫೆಬ್ರವರಿ 9. 1964ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕದ ಟಿವಿಯ ಎಡ್ ಸಲಿವನ್ ಶೋದಲ್ಲಿ ಹಾಡಿದ ದಿನ. ಟಿವಿ ಮುಂದೆ ಕೂತವರು 7.3 ಕೋಟಿ ಜನ.

ಏಪ್ರಿಲ್, ಮೇ

ಈ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಮಾತೇ ಇಲ್ಲ. ಮನೆಯಲ್ಲೇ ಕೂತು ಹಳೆ ಕನ್ನಡ ಸಿನಿಮಾಗಳ ಬೆನ್ನು ಹತ್ತಿದೆ.

ಕನ್ನಡ ಹಾಡಿನ ಕಷ್ಟ ಏನೆಂದರೆ, ವರ್ಷ ಸಿಗುತ್ತದೆ, ದಿನ ಸಿಗುವುದು ಅಪರೂಪ. ರೆಕಾರ್ಡಿನ ಲೇಬಲ್ ಮೇಲೆ ಸಿನಿಮಾದ ಹೆಸರು, ಹಾಡಿದವರು, ಬರೆದವರು, ಸಂಗೀತ ಕೊಟ್ಟವರು ಎಲ್ಲ ಇರುತ್ತದೆ. ತಾರೀಖು ಇರುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಲೇಬಲ್ಲಿನ ಸುತ್ತ ನುಣುಪಾದ ಜಾಗದಲ್ಲಿ ಸಣ್ಣಗೆ ಕೆತ್ತಿದ ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಕಂಪನಿಯ ಒಳಗಿನ ನಂಬರ್. ಯಾವ ತಟ್ಟೆ ಮೊದಲು, ಯಾವುದು ಆಮೇಲೆ ಅಂತ ಸಾಲು ಹಿಡಿಯಲು ಅದು ಸಹಾಯಕ್ಕೆ ಬರುತ್ತದೆ, ಅಷ್ಟೇ.

ಕೈ ಹಿಡಿದದ್ದು ಸೆನ್ಸಾರ್ ಸರ್ಟಿಫಿಕೇಟ್. ಸಿನಿಮಾ ಶುರುವಾಗುವ ಮೊದಲು ಕೆಲವು ಸೆಕೆಂಡ್ ಬಂದು ಹೋಗುತ್ತದಲ್ಲ, ಅದೇ. ಯಾರೂ ನೋಡುವುದಿಲ್ಲ. ಅಲ್ಲಿ ನಿಲ್ಲಿಸಿ ನೋಡಿದರೆ ಸರ್ಟಿಫಿಕೇಟ್ ನಂಬರ್, ಎಷ್ಟು ರೀಲು, ಎಷ್ಟು ಉದ್ದ, ಮತ್ತೆ ತಾರೀಖು! ಹಾಡು ಅದಕ್ಕಿಂತ ಮೊದಲೇ ರೆಕಾರ್ಡ್ ಆಗಿರಬೇಕು, ಸಿನಿಮಾ ಅದಾದ ಮೇಲೇ ಬಿಡುಗಡೆಯಾಗಿರಬೇಕು. ಹೀಗೆ ಎರಡೂ ಕಡೆಯಿಂದ ಬೇಲಿ ಬೀಳುತ್ತದೆ. ಆಮೇಲೆ ಆ ವಾರದ ಪೇಪರಿನ ಸಿನಿಮಾ ಜಾಹೀರಾತು ಸಿಕ್ಕರೆ ಬಿಡುಗಡೆಯ ದಿನ ಗ್ಯಾರಂಟಿ. ಆದರೆ ಇಂಟರ್ನೆಟ್ಟಿಗೆ ಹಾಕುವಾಗ ಎಷ್ಟೋ ಜನ ಆ ಸರ್ಟಿಫಿಕೇಟನ್ನೇ ಕತ್ತರಿಸಿ ಹಾಕಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹಳೆ ಸಿನಿಮಾ ಹಾಕುವವರು ದಯವಿಟ್ಟು ಆ ನಾಲ್ಕು ಸೆಕೆಂಡ್ ಉಳಿಸಿ.

ದಿನ ಸಿಗದ ದೊಡ್ಡ ಹಾಡುಗಳನ್ನು ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಪೆಟ್ಟಿಗೆಯ ಹಿಂದೆ 'ವರ್ಷದ ಕಾರ್ಡ್' ಅಂತ ಒಂದು ಖಾನೆ ಮಾಡಿದೆ. 1974ರ 'ಸಂಪತ್ತಿಗೆ ಸವಾಲ್' ಅಲ್ಲೇ ಇದೆ. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ 'ಯಾರೇ ಕೂಗಾಡಲಿ' ಹಾಡಿದ್ದು ಆ ಸಿನಿಮಾಕ್ಕೆ. ಅವರು ಅದಕ್ಕೂ ಮೊದಲೇ 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಜೊತೆ ಹಾಡಿದ್ದರು. ಆದರೆ ತಮ್ಮ ಪಾತ್ರಗಳಿಗೆ ತಾವೇ ಹಾಡುವ ದಾರಿ ತೆರೆದದ್ದು 1974ರಲ್ಲಿ. 1978ರ ಕಾರ್ಡ್ 'ನಿತ್ಯೋತ್ಸವ' ಕ್ಯಾಸೆಟ್‌ಗೆ. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ. ಭಾವಗೀತೆ ಮನೆಮನೆಯ ಟೇಪ್ ರೆಕಾರ್ಡರ್‌ಗೆ ಬಂದದ್ದು ಅಲ್ಲಿಂದ.

ಇನ್ನೊಂದು ಗುಂಪಿನ ಸಂಗತಿಗಳು ಈ ಪೆಟ್ಟಿಗೆಗೆ ಹೊಂದುವುದೇ ಇಲ್ಲ. ನಮ್ಮೂರಲ್ಲಿ ವರ್ಷದಲ್ಲೇ ಜಾಸ್ತಿ ಹಾಡು ಕೇಳುವುದು ಖಾಜಾ ಬಂದೇನವಾಜ್ ಉರುಸಿನಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ. ಒಂದು ಕಡೆ ಕವ್ವಾಲಿ, ಇನ್ನೊಂದು ಕಡೆ ಭಜನೆ, ತತ್ವಪದ. ಉರುಸು ಮುಸ್ಲಿಂ ಪಂಚಾಂಗದ ಪ್ರಕಾರ ಬರುವುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಜಾತ್ರೆ ಹೋಳಿ ಹುಣ್ಣಿಮೆ ಹಿಡಿದು ಬರುತ್ತದೆ. ಇವಕ್ಕೆ ತಾರೀಖು ಬರೆಯದ ಉದ್ದನೆ ಕಾರ್ಡ್ ಮಾಡಿ ಬೇರೆ ಇಟ್ಟಿದ್ದೇನೆ. ಆ ದಿನ ಬಂದಾಗ ತೆಗೆದು ಮುಂದೆ ನಿಲ್ಲಿಸಿದರಾಯಿತು.

ಜೂನ್

ಜೂನ್ 25ರ ಕಾರ್ಡ್ ಹತ್ತಿರ ಕೆಲಸ ನಿಂತಿತು. ಮೈಕೆಲ್ ಜಾಕ್ಸನ್ ತೀರಿಕೊಂಡದ್ದು 2009ರ ಜೂನ್ 25, ಲಾಸ್ ಏಂಜಲೀಸ್‌ನಲ್ಲಿ ಮಧ್ಯಾಹ್ನ 2 ಗಂಟೆ 26 ನಿಮಿಷಕ್ಕೆ. ನಮ್ಮಲ್ಲಿ ಆಗ ಜೂನ್ 26ರ ನಸುಕು, 2 ಗಂಟೆ 56 ನಿಮಿಷ. ಕಲಬುರಗಿಯವರ ನೆನಪಿನಲ್ಲಿ ಅದು 26ನೇ ತಾರೀಖಿನ ಬೆಳಗಿನ ಸುದ್ದಿ. ಬೀಟಲ್ಸ್ ತಂಡದ ಜಾನ್ ಲೆನನ್‌ದೂ ಹೀಗೇ. ನ್ಯೂಯಾರ್ಕ್‌ನಲ್ಲಿ ಗುಂಡು ಬಿದ್ದದ್ದು 1980ರ ಡಿಸೆಂಬರ್ 8ರ ರಾತ್ರಿ 10 ಗಂಟೆ 50ರ ಸುಮಾರಿಗೆ. ನಮ್ಮ ಗಡಿಯಾರದಲ್ಲಿ ಅದು 9ರ ಬೆಳಿಗ್ಗೆ. ದುಃಖದ್ದೇ ಅಂತಲ್ಲ, ಸಂತೋಷದ್ದೂ ಇದೆ. ಎ.ಆರ್. ರೆಹಮಾನ್ ಎರಡು ಆಸ್ಕರ್ ಹಿಡಿದು ನಿಂತದ್ದು ಅಲ್ಲಿ 2009ರ ಫೆಬ್ರವರಿ 22, ಭಾನುವಾರ ಸಂಜೆ. ನಾವು ನೋಡಿದ್ದು 23, ಸೋಮವಾರ ಬೆಳಿಗ್ಗೆ.

ಯಾವ ದಿನ ಬರೆಯಬೇಕು? ಘಟನೆ ನಡೆದ ಊರಿನ ತಾರೀಖೇ ಮುಂಭಾಗಕ್ಕೆ ಅಂತ ತೀರ್ಮಾನಿಸಿದೆ. ಇಲ್ಲದಿದ್ದರೆ ಬೇರೆಯವರ ಪಟ್ಟಿಯ ಜೊತೆ ತಾಳೆ ಹಾಕುವಾಗ ಎಲ್ಲ ಕಲಸಿಹೋಗುತ್ತದೆ. ಆದರೆ ಮರುದಿನದ ಕಾರ್ಡಿನ ಕೆಳಗೆ 'ನಮಗೆ ತಿಳಿದದ್ದು ಇವತ್ತು' ಅಂತ ಒಂದು ಸಾಲು ಸೇರಿಸುತ್ತೇನೆ. ಕೇಳಿದ ದಿನಕ್ಕೂ ಅದರದೇ ಬೆಲೆ ಇದೆ, ಅಲ್ವಾ.

ಡಿಸೆಂಬರ್ ಕಾರ್ಡ್‌ಗಳನ್ನೂ ಈ ತಿಂಗಳೇ ಬರೆದೆ, ಯಾಕೆಂದರೆ 29ನೇ ತಾರೀಖು ನನ್ನನ್ನು ಬಿಡಲಿಲ್ಲ. ಸಿ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡದ್ದು 2009ರ ಡಿಸೆಂಬರ್ 29, ಸರಿಯಾಗಿ 70 ತುಂಬಿದ ದಿನ. ಕುವೆಂಪು ಹುಟ್ಟಿದ್ದೂ ಡಿಸೆಂಬರ್ 29ರಂದೇ, 1904ರಲ್ಲಿ. ಕನ್ನಡದ ಕವಿತೆಗಳನ್ನು ಮೈದಾನದ ತುಂಬ ಕೂಗಿ ಹಾಡಿದ ಆ ಗಂಟಲು ಕವಿಯ ಹುಟ್ಟುಹಬ್ಬದಂದೇ ಹುಟ್ಟಿ, ಅದೇ ದಿನ ನಿಂತಿತು. ಇಷ್ಟು ಸಾಲದು ಅಂತ 'ಮುಂಗಾರು ಮಳೆ' ಬಿಡುಗಡೆಯಾದದ್ದೂ 2006ರ ಡಿಸೆಂಬರ್ 29. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ 'ಅನಿಸುತಿದೆ'. ಕನ್ನಡ ಸಿನಿಮಾ ಹಾಡಿನ ಮಾತಿನ ದಾರಿಯೇ ಅಲ್ಲಿಂದ ತಿರುಗಿತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಯಮದ ಪ್ರಕಾರ ಮುಂಭಾಗ 'ಮುಂಗಾರು ಮಳೆ'ಗೆ ಹೋಗಬೇಕು. ಆ ಒಂದು ದಿನಕ್ಕೆ ಮಾತ್ರ ನಿಯಮ ಬದಿಗಿಟ್ಟು ಮುಂದೆ ಅಶ್ವತ್ಥ್ ಹೆಸರು ಬರೆದೆ.

ಡಿಸೆಂಬರ್ 3ರದು ಪೂರ್ತಿ ಹಸಿರು. 1952ರ ಆ ಬುಧವಾರ ಕೊಲಂಬೊದ ರೇಡಿಯೊ ಸಿಲೋನ್‌ನಲ್ಲಿ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಯಿತು. ಅದನ್ನು ನಡೆಸಿಕೊಟ್ಟ ಅಮೀನ್ ಸಯಾನಿ ವಯಸ್ಸು ಆಗ 20 ಕೂಡ ತುಂಬಿರಲಿಲ್ಲ. ಮಂತ್ರಿ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾಗಿತ್ತು. ಜನ ಸುಮ್ನೆ ಕೂರಲಿಲ್ಲ, ರೇಡಿಯೊದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಕೊನೆಗೆ ಆಕಾಶವಾಣಿಯೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುಮಾಡಿತು. ಈ ಎರಡು ಕಾರ್ಡ್‌ಗಳ ಮೇಲೆ ಒಂದರ ತಾರೀಖು ಇನ್ನೊಂದರಲ್ಲಿ ಬರೆದಿದ್ದೇನೆ, ಓದುವವರಿಗೆ ಸಂಬಂಧ ತಿಳಿಯಲಿ ಅಂತ.

ಜುಲೈ

ತಿಂಗಳ ಕೊನೆಯ ಕಾರ್ಡ್ ಮೊಹಮ್ಮದ್ ರಫಿಯವರದು. ಅವರು ಹೋದದ್ದು 1980ರ ಜುಲೈ 31. ಹಿಂದಿ, ಉರ್ದು, ಕನ್ನಡ ಮೂರೂ ಒಂದೇ ಬಾಯಲ್ಲಿ ಆಡುವ ನಮ್ಮ ಊರಲ್ಲಿ ರಫಿ ಅಂದರೆ ಮನೆಯವರು. ಬೆಳಿಗ್ಗೆ ಹಿಂದಿ ಹಾಡುಗಳೇ ಹೋದವು. ಸಂಜೆ ಜನ ತುಂಬಿದಾಗ 1967ರ 'ಒಂದೇ ಬಳ್ಳಿಯ ಹೂಗಳು' ಸಿನಿಮಾದ 'ನೀನೆಲ್ಲಿ ನಡೆವೆ ದೂರ' ಹಾಕಿದೆವು. ಕಾಲೇಜು ಹುಡುಗರು ಇದು ರಫಿ ಅಂದರೆ ನಂಬಲೇ ಇಲ್ಲ. ಕಾರ್ಡ್ ಕೈಗೆತ್ತಿಕೊಂಡು ಓದಿದರು. ಮೂಲೆಯಲ್ಲಿ ಕೂತಿದ್ದ ಕಾಕಾ ಒಬ್ಬರು ಬಸಿ ಕೆಳಗಿಟ್ಟು, "ಇನ್ನೊಮ್ಮೆ ಹಚ್ರಿ" ಅಂದರು. ಇನ್ನೊಮ್ಮೆ ಹಚ್ಚಿದೆವು. ಕಿಶೋರ್ ಅವರ 'ಆಡು ಆಟ ಆಡು' ಕೂಡ ಹಾಕಿ ಅಂತ ಆಗಲೇ ಕೇಳಿದರು. 1972ರ 'ಕುಳ್ಳ ಏಜೆಂಟ್ 000', ರಾಜನ್-ನಾಗೇಂದ್ರ ಸಂಗೀತ. ಅದನ್ನು ಆಗಸ್ಟ್ 4ಕ್ಕೆ, ಕಿಶೋರ್ ಹುಟ್ಟಿದ ದಿನಕ್ಕೆ, ಕಾದಿಟ್ಟಿದ್ದೇವೆ ಅಂತ ಗೆಳೆಯ ಖಡಾಖಂಡಿತ ಹೇಳಿಬಿಟ್ಟ.

ಆಗಸ್ಟ್‌ಗೆ ಉಳಿದದ್ದು

ಆಗಸ್ಟ್ 1ರ ಕಾರ್ಡ್‌ನಲ್ಲಿ ಜಾಗದ ಜಗಳ ಇದೆ. 1971ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಮಾಡಿದ ಕಛೇರಿ ಅವತ್ತೇ. ಅಲ್ಲಿ ಸಿತಾರ್ ಶ್ರುತಿ ಮಾಡುವುದನ್ನೇ ಸಂಗೀತ ಅಂದುಕೊಂಡು ಜನ ಚಪ್ಪಾಳೆ ತಟ್ಟಿದ್ದರು. ಸರಿಯಾಗಿ ಹತ್ತು ವರ್ಷಕ್ಕೆ, 1981ರ ಆಗಸ್ಟ್ 1ರಂದು, ಅಮೆರಿಕದ ಹಾಡಿನ ಟಿವಿ ಚಾನೆಲ್ ಎಂಟಿವಿ ಶುರುವಾಯಿತು. ನನ್ನ ಓಟು ರವಿಶಂಕರ್‌ಗೆ. 15ರಂದು ಇನ್ನೂ ಕಷ್ಟ: 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಮೇಳ ಶುರುವಾದ ದಿನ, 1992ರಲ್ಲಿ ರೆಹಮಾನ್ ಸಂಗೀತದ 'ರೋಜಾ' ಬಿಡುಗಡೆಯಾದ ದಿನ. ಇದಕ್ಕೆ 'ರೋಜಾ' ಮುಂದೆ. ಒಂದೇ ಸಿನಿಮಾದಿಂದ ದಕ್ಷಿಣದ ಹಾಡಿನ ಸದ್ದೇ ಬದಲಾದದ್ದು ಪ್ರತಿದಿನ ಆಗುವಂಥದ್ದಲ್ಲ. 27ಕ್ಕೆ ಮುಕೇಶ್, 1976ರಲ್ಲಿ ಡೆಟ್ರಾಯಿಟ್‌ನಲ್ಲಿ ಕಛೇರಿಗೆಂದು ಹೋದಾಗ ತೀರಿಕೊಂಡರು. ಅದು ಬರೆದಾಗಿದೆ.

ಸೆಪ್ಟೆಂಬರ್ ಮಧ್ಯದಲ್ಲಿ ಮತ್ತು ನವೆಂಬರ್‌ನಲ್ಲಿ ಹಸಿರು ಮೂಲೆ ತೀರಾ ಕಡಿಮೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಳೆ ಹಾಡಿನ ಪುಸ್ತಕಗಳಿದ್ದರೆ, ಮೊದಲ ಪುಟ ಮತ್ತು ಕೊನೆಯ ಪುಟದ ಫೋಟೊ ಸಾಕು. ಸಿನಿಮಾ ನೋಡಿದ ದಿನವನ್ನು ಪೆನ್ನಿನಲ್ಲಿ ಬರೆದಿಡುವ ಅಭ್ಯಾಸ ಎಷ್ಟೋ ಜನಕ್ಕೆ ಇತ್ತು. ಅಂಥ ಒಂದು ಸಾಲು ಸಿಕ್ಕರೂ ಆ ಸಿನಿಮಾ ಅಷ್ಟೊತ್ತಿಗೆ ನಮ್ಮ ಊರಿಗೆ ಬಂದಿತ್ತು ಅಂತ ಖಾತ್ರಿಯಾಗುತ್ತದೆ.