ಬೆಳೆಯುವ ಮಗುವೆಂದು ದೊಡ್ಡ ಕನ್ನಡಕ ಕೊಳ್ಳಬೇಡಿ

ಯೂನಿಫಾರ್ಮನ್ನು ಒಂದು ಅಳತೆ ದೊಡ್ಡದಾಗಿಯೇ ಹೊಲಿಸುವುದು ಮುಂಬಯಿ ಬಳಿಯ ನಮ್ಮ ಡೊಂಬಿವಲಿಯ ಮನೆಗಳಲ್ಲಿ ವಾಡಿಕೆ. ತೋಳು ಮಡಚಿಕೊಂಡರಾಯಿತು, ಎರಡು ವರ್ಷ ಬರುತ್ತದೆ. ಆದರೆ ಕನ್ನಡಕದಂಗಡಿಯಲ್ಲೂ ತಂದೆತಾಯಂದಿರು ಇದೇ ಲೆಕ್ಕ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕನ್ನಡಕ ಇವತ್ತಿನ ಮುಖಕ್ಕೆ ಸರಿಹೋಗಬೇಕು, ಮುಂದಿನ ವರ್ಷದ ಮುಖಕ್ಕಲ್ಲ.

ಕಡ್ಡಿಯ ಒಳಬದಿಯಲ್ಲಿ ಸಣ್ಣದಾಗಿ ಮೂರು ಅಂಕಿಗಳಿರುತ್ತವೆ. ಮೂರನೆಯ ತರಗತಿಯಲ್ಲಿರುವ ನನ್ನ ಮಗಳ ಫ್ರೇಮಿನಲ್ಲಿ 44, 15, 125 ಎಂದಿದೆ: ಒಂದು ಗಾಜಿನ ಅಗಲ, ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲೆರಡನ್ನು ಕೂಡಿಸಿದರೆ 59. ಅವಳ ಎರಡು ಪಾಪೆಗಳ ನಡುವಿನ ಅಂತರ 55. ಈ ಎರಡು ಸಂಖ್ಯೆಗಳು ಹತ್ತಿರವಿದ್ದಷ್ಟೂ ಕಣ್ಣು ಗಾಜಿನ ನಡುಭಾಗಕ್ಕೆ ಹತ್ತಿರವಿರುತ್ತದೆ. ಅದೇ ಮಗುವಿಗೆ 52, 18ರ ಫ್ರೇಮ್ ಹಾಕಿದರೆ ಮೊತ್ತ 70 ಆಗಿ, ಕಣ್ಣು ಗಾಜಿನ ನಡುಭಾಗ ಬಿಟ್ಟು ಮೂಗಿನ ಕಡೆಯ ಅಂಚಿನತ್ತ ಬಂದುಬಿಡುತ್ತದೆ. ಗಾಜಿನ ಕೇಂದ್ರವನ್ನು ಒಳಕ್ಕೆ ಸರಿಸಿ ಕೂರಿಸಿಕೊಡುತ್ತಾರೆ, ನಿಜ. ಆದರೆ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿಗೆ ಕೊಡುವ ಮೈನಸ್ ನಂಬರಿನ ಗಾಜು ಅಂಚಿನ ಕಡೆಗೆ ದಪ್ಪವಾಗುತ್ತಾ ಹೋಗುವುದರಿಂದ ಹೊರ ಅಂಚು ಭಾರವಾಗಿ ಕನ್ನಡಕ ಜಾರುತ್ತದೆ. ಜಾರಿದ ಕನ್ನಡಕದ ಮೇಲಿಂದ ಮಗು ಇಣುಕಿ ನೋಡುತ್ತದೆ. ಹಾಕಿಸಿದ ಪ್ರಯೋಜನವೇನು?

ನಮ್ಮ ಮುಂಬಯಿಯ ಬೆವರಂತೂ ಇದ್ದದ್ದೇ. ಮಕ್ಕಳ ಮೂಗಿನ ಸೇತುವೆ ಇನ್ನೂ ಚಪ್ಪಟೆ, ಹಿಡಿದು ನಿಲ್ಲಿಸಲು ಅಲ್ಲಿ ಏನೂ ಇರುವುದಿಲ್ಲ. ಲೋಹದ ಫ್ರೇಮಿನ ಮೂಗಿನ ಪ್ಯಾಡಿನ ಬುಡದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಹಸಿರು ಕಿಲುಬು ಕಟ್ಟಿರುವುದನ್ನು ನೀವೂ ನೋಡಿರಬಹುದು. ಲೋಹದಲ್ಲಿರುವ ತಾಮ್ರಕ್ಕೆ ಬೆವರು ತಗಲಿದ ಫಲ ಅದು. ಹಾಗಾಗಿ ನಾನು ಮೆತ್ತನೆಯ ಸಿಲಿಕೋನ್ ಮೂಗಿನ, ಹಗುರವಾದ ಪ್ಲಾಸ್ಟಿಕ್ ಫ್ರೇಮನ್ನೇ ಆರಿಸಿದೆ. ಫಡ್ಕೆ ರಸ್ತೆಯ ಅಂಗಡಿಯ ಹಿರಿಯರು ಮಗಳಿಗೆ ತಲೆ ಬಗ್ಗಿಸಿ ಕುಲುಕಲು ಹೇಳಿದರು. ಫ್ರೇಮ್ ಕದಲಲಿಲ್ಲ. ನಕ್ಕರೆ ಕೆನ್ನೆ ಅದನ್ನು ಮೇಲಕ್ಕೆತ್ತುತ್ತದೆಯೇ ಎಂದು ನೋಡಲು ಅವಳನ್ನು ನಗಿಸಿದರು ಕೂಡ. ಅಂಥ ಅಂಗಡಿಯವರು ಸಿಕ್ಕರೆ ಬಿಡಬೇಡಿ.

ಅತ್ತೆಯವರಿಗೆ ಅಂಚೇ ಇಲ್ಲದ ಫ್ರೇಮ್ ಬೇಕಿತ್ತು. "ಹೆಣ್ಣುಮಗು, ಕಂಡೂ ಕಾಣದ ಹಾಗಿರಲಿ" ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪಲಿಲ್ಲ. ಗಾಜಿಗೆ ತೂತು ಕೊರೆದು ಸ್ಕ್ರೂ ಹಾಕಿದ ಕನ್ನಡಕ ಓಡಾಡಿ ಬೀಳುವ ಮಗುವಿಗೆ ಹೇಳಿದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಬಚ್ಚಿಡಬೇಕಾದದ್ದು ಎಂದು ದೊಡ್ಡವರೇ ಸೂಚಿಸಿದರೆ ಮಗು ಅದನ್ನು ಶಾಲೆಯ ಚೀಲದಲ್ಲೇ ಬಚ್ಚಿಡುತ್ತದೆ. ಅಳತೆಗೆ ಒಪ್ಪುವ ನಾಲ್ಕೈದನ್ನು ನಾನು ಆರಿಸಿ ಮೇಜಿನ ಮೇಲಿಟ್ಟೆ, ಬಣ್ಣವನ್ನು ಅವಳಿಗೆ ಬಿಟ್ಟೆ. ಕಿತ್ತಳೆ ಬಣ್ಣದ್ದನ್ನು ತೆಗೆದುಕೊಂಡಳು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಾಕಿಕೊಳ್ಳುತ್ತಾಳೆ.

ಹಣ ಉಳಿಸಬೇಕೆಂದರೆ ಫ್ರೇಮಿನಲ್ಲಿ ಉಳಿಸಿ, ಲೆನ್ಸಿನಲ್ಲಿ ಬೇಡ. ಮಕ್ಕಳಿಗೆ ಪಾಲಿಕಾರ್ಬೊನೇಟ್ ಲೆನ್ಸೇ ಇರಲಿ. ಚೆಂಡು ಬಡಿದರೂ ಸುಲಭಕ್ಕೆ ಚೂರಾಗುವುದಿಲ್ಲ. ಅದಕ್ಕೆ ಗೀರು ಬೇಗ ಬೀಳುವುದರಿಂದ ಗೀರು ತಡೆಯುವ ಲೇಪನ ಬೇಕೇ ಬೇಕು.

ಅಂಗಡಿಗೆ ಹೋಗುವ ಮೊದಲಿನ ಕೆಲಸ ಇನ್ನೂ ದೊಡ್ಡದು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ನಂಬರು ಅಳೆಯುವ ಯಂತ್ರದೊಳಗೆ ನೋಡುವಾಗ ಅದು ಬಿಗಿದುಕೊಂಡು ಇಲ್ಲದ ಮೈನಸ್ ನಂಬರನ್ನು ತೋರಿಸಬಹುದು. ಹನಿ ಹಾಕಿ ಆ ಸ್ನಾಯುವನ್ನು ಸಡಿಲಿಸಿ, ಕಣ್ಣಿನ ವೈದ್ಯರಿಂದಲೇ ಪರೀಕ್ಷೆ ಮಾಡಿಸಬೇಕು. ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಪುಸ್ತಕ ಮಸುಕಾಗುತ್ತದೆ, ಅಷ್ಟೇ. ಇನ್ನು "ನಂಬರನ್ನು ಸ್ವಲ್ಪ ಕಡಿಮೆ ಬರೆಸಿ, ಏರುವುದಿಲ್ಲ" ಎಂಬ ಸಲಹೆ ನಮ್ಮ ಕಟ್ಟಡದ ಮೆಟ್ಟಿಲಲ್ಲೇ ಸಿಗುತ್ತದೆ. ಮಲೇಷ್ಯಾದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಕಾದ್ದಕ್ಕಿಂತ ಕಡಿಮೆ ನಂಬರು ಹಾಕಿಸಿಕೊಂಡವರಿಗೇ ಸಮೀಪದೃಷ್ಟಿ ಬೇಗ ಏರಿತ್ತು. ವೈದ್ಯರು ಬರೆದುಕೊಟ್ಟಷ್ಟನ್ನೇ ಹಾಕಿಸಿ.

ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಿ. ನಡುವೆ ಕಡ್ಡಿ ಸಡಿಲವಾದರೆ ಅಂಗಡಿಗೆ ಒಯ್ಯಿರಿ, ಬಿಸಿ ಮಾಡಿ ಬಗ್ಗಿಸಿ ಸರಿಮಾಡಿ ಕೊಡುತ್ತಾರೆ. ನಮ್ಮ ಅಂಗಡಿಯವರು ಅದಕ್ಕೆ ಹಣವನ್ನೂ ತೆಗೆದುಕೊಳ್ಳುವುದಿಲ್ಲ.